ಹಿಮ್ಮಡಿಯ ನರ ಹರಿದಾಗ ನಾನು ಬೂಟು ಆರಿಸಿದ ಬಗೆ

ಮೇ ತಿಂಗಳ ನಡುವಿನ ಒಂದು ಸಂಜೆ ತೀರ್ಥಹಳ್ಳಿಯಲ್ಲಿ ಶಟಲ್ ಆಡುತ್ತಿದ್ದೆ. ನೆಟ್ ಹತ್ತಿರ ಬೀಳುತ್ತಿದ್ದ ಶಟಲ್ ಎತ್ತಲು ಎಡಗಾಲು ಒತ್ತಿ ಮುಂದೆ ನುಗ್ಗಿದೆ. ಹಿಂದಿನಿಂದ ಯಾರೋ ಹಿಮ್ಮಡಿಗೆ ಬಲವಾಗಿ ಒದ್ದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಅರ್ಧ ಗಂಟೆಯಲ್ಲಿ ನೋವು ಕಡಿಮೆಯಾಯಿತು. ಪಾದ ಪೂರ್ತಿ ಊರಿ ನಿಧಾನವಾಗಿ ನಡೆಯಲೂ ಆಗುತ್ತಿತ್ತು. ಜೊತೆಗಿದ್ದವರು "ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿಸಿಕೊಳ್ಳಿ" ಅಂದರು. ಆದರೆ ಎಡಗಾಲಿನ ತುದಿಯ ಮೇಲೆ ನಿಲ್ಲಲು ನೋಡಿದರೆ ಹಿಮ್ಮಡಿ ಮೇಲೇಳಲೇ ಇಲ್ಲ. ಅಮ್ಮ ಎಣ್ಣೆ ಬಿಸಿ ಮಾಡಲು ಹೊರಟಿದ್ದರು. ನಾನೇ ಬೇಡ ಅಂದೆ. ಆ ಒಂದು ವಿಷಯದಲ್ಲಿ ಸರಿಯಾಗಿ ನಡೆದುಕೊಂಡೆ ಅನ್ನಿಸುತ್ತದೆ. ನೋವು ಇಳಿಯಿತೆಂದು ಸುಮ್ಮನಿದ್ದು, ನೀವಿಸಿ, ವಾರಗಟ್ಟಲೆ ಕಳೆದು ಆಸ್ಪತ್ರೆಗೆ ಹೋದವರನ್ನು ಆಮೇಲೆ ನೋಡಿದ್ದೇನೆ. ಅಷ್ಟರಲ್ಲಿ ಹರಿದ ತುದಿಗಳು ದೂರ ಸರಿದಿರುತ್ತವೆ.

ಮಾರನೆಯ ದಿನ ಭಾವ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಡಾಕ್ಟರು ಬೋರಲು ಮಲಗಿಸಿ ಎರಡೂ ಮೀನಖಂಡವನ್ನು ಒಂದೊಂದಾಗಿ ಹಿಂಡಿದರು. ಬಲಗಾಲು ಹಿಂಡಿದಾಗ ಪಾದ ಅಲುಗಿತು. ಎಡಗಾಲಿನದು ಅಲುಗಲಿಲ್ಲ. ಹಿಮ್ಮಡಿ ನರ ಪೂರ್ತಿ ಹರಿದಿದೆ ಅಂದರು. ನಾವು ನರ ಅಂತ ಕರೆಯುವುದು ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ದಪ್ಪ ಹುರಿಯನ್ನು. ಡಾಕ್ಟರು ಅದನ್ನು ಅಕಿಲಿಸ್ ಟೆಂಡನ್ ಅನ್ನುತ್ತಾರೆ. ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಥರದ ಮಾತ್ರೆ ನುಂಗಿದ್ದಿರಾ ಎಂದೂ ಕೇಳಿದರು. ಆ ಗುಂಪಿನ ಔಷಧಿಗಳು ಈ ಹುರಿಯನ್ನು ದುರ್ಬಲ ಮಾಡಬಹುದಂತೆ. ನಾನು ನುಂಗಿರಲಿಲ್ಲ.

ಸ್ಕ್ಯಾನಿನಲ್ಲಿ ಹಿಮ್ಮಡಿಯಿಂದ ಸುಮಾರು ನಾಲ್ಕೂವರೆ ಸೆಂ.ಮೀ. ಮೇಲೆ ಹರಿದಿದ್ದು ಕಂಡಿತು. ಪಾದವನ್ನು ಕೆಳಕ್ಕೆ ಬಾಗಿಸಿದಾಗ ಎರಡೂ ತುದಿ ಹತ್ತಿರ ಬಂದು ಕೂರುತ್ತಿದ್ದವು. ಹಾಗಾಗಿ ಆಪರೇಷನ್ ಮಾಡಿಸಬಹುದು, ಮಾಡಿಸದೆಯೂ ಇರಬಹುದು ಎಂದು ಎರಡೂ ದಾರಿ ಮುಂದಿಟ್ಟರು. ನಾರ್ವೆಯಲ್ಲಿ 526 ಜನರ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದರು. ಒಂದು ವರ್ಷ ಕಳೆದ ಮೇಲೆ ಆಪರೇಷನ್ ಆದವರಿಗೂ ಆಗದವರಿಗೂ ಕಾಲು ಹೇಗಿದೆ ಎಂಬುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮತ್ತೆ ಹರಿದದ್ದು ಆಪರೇಷನ್ ಆಗದವರಲ್ಲಿ ಜಾಸ್ತಿ. ಅವರಲ್ಲಿ ನೂರಕ್ಕೆ 6.2, ಆದವರಲ್ಲಿ 0.6.

ನಾನು ಆಪರೇಷನ್ ಬೇಡ ಅಂದೆ. ಆಗಲೇ ಡಾಕ್ಟರು ಒಂದು ಮಾತು ಹೇಳಿದರು. "ಹಾಗಾದರೆ ಹೊಲಿಗೆ ಮಾಡಬೇಕಾದ ಕೆಲಸವನ್ನು ಬೂಟು ಮಾಡಬೇಕು. ಅದನ್ನು ಸರಿಯಾಗಿ ಆರಿಸಿ." ಪಾದ, ಗಿಣ್ಣು ಅಲುಗದಂತೆ ಹಿಡಿದಿಡುವ ಬೂಟು ಅದು. ಮುಂದೆ ನಾನು ಅದರ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಂಡಿದ್ದು ಆ ಮಾತಿನಿಂದ.

ಮೊದಲ ಎರಡು ವಾರ ಪ್ಲಾಸ್ಟರ್ ಹಾಕಿದರು. ಬ್ಯಾಲೆ ಕುಣಿಯುವವರ ಹಾಗೆ ಪಾದ ಕೆಳಕ್ಕೆ ಬಾಗಿರುವಂತೆ ಕಟ್ಟಿದ್ದರು. ಊರುಗೋಲು ಹಿಡಿದು ಒಂಟಿ ಕಾಲಿನಲ್ಲೇ ಓಡಾಟ. ಪ್ಲಾಸ್ಟರ್ ಬಿಚ್ಚುವ ದಿನ ವಾಕರ್ ಬೂಟು ತರಬೇಕು ಅಂದಿದ್ದರು. ಭಾವ ಒಂದು ಅಂಗಡಿಗೆ ಹೋಗಿ "ಕಾಲಿಗೆ ಹಾಕುವ ಬೂಟು" ಅಂತ ಕೇಳಿ ಒಂದನ್ನು ತಂದಿಟ್ಟ. ಎಲ್ಲಾ ಒಂದೇ ಅಂತ ಅಂಗಡಿಯವರು ಹೇಳಿದ್ದರಂತೆ.

ಫಿಸಿಯೋ ಮೇಡಂ ಅದನ್ನು ನನ್ನ ಕಾಲಿಗೆ ಹಾಕಲು ಬಿಡಲೇ ಇಲ್ಲ. ಅದು ಮೀನಖಂಡದ ಅರ್ಧಕ್ಕೂ ಬರದ ಗಿಡ್ಡ ಬೂಟು. ಒಳಗೆ ಚಪ್ಪಟೆ. ಪಾದದ ಸಣ್ಣ ಮೂಳೆ ಮುರಿದವರಿಗೆ ಮಾಡಿದ್ದು. "ಇದರಲ್ಲಿ ನಿಂತರೆ ನಿಮ್ಮ ಪಾದ ನೆಟ್ಟಗಾಗುತ್ತೆ ಸರ್. ಈಗ ತಾನೇ ಅಂಟಿಕೊಳ್ಳುತ್ತಿರುವ ಹುರಿ ಎಳೆದುಬಿಡುತ್ತೆ" ಅಂದರು. ಹರಿಯದೆ ಬರೀ ಹಿಗ್ಗಿ ಉದ್ದವಾಗಿ ಕೂಡಿಕೊಂಡರೂ ನಷ್ಟವೇ. ಉದ್ದವಾದ ಹುರಿಗೆ ಬಿಗಿ ಇರುವುದಿಲ್ಲ. ತುದಿಗಾಲಲ್ಲಿ ಏಳುವುದು, ಮೆಟ್ಟಿಲು ಹತ್ತುವಾಗ ಹಿಂದಿನಿಂದ ತಳ್ಳುವುದು ಮುಂದೆಯೂ ಕಷ್ಟ. ಅವತ್ತು ಪಾದ ಬಾಗಿಸಿಯೇ ಅರ್ಧ ಪ್ಲಾಸ್ಟರ್ ಕಟ್ಟಿ ಕಳಿಸಿದರು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು: ಎತ್ತರದ ಬೂಟು, ಹಿಮ್ಮಡಿ ಕೆಳಗೆ ತೆಗೆದು ಹಾಕುವ ಬೆಣೆ, ಬಾಗಿದ ಅಟ್ಟೆ.

ನಾವು ಶಿವಮೊಗ್ಗದ ದುರ್ಗಿಗುಡಿಯ ಸುತ್ತಮುತ್ತ ಮೂರು ಅಂಗಡಿ ತಿರುಗಿದೆವು. ಮಧ್ಯಾಹ್ನ ಊಟ ಮುಗಿಸಿ, ಸಂಜೆ ಹೊತ್ತಿಗೆ ಹೋಗಿ ಎಂದು ಮೇಡಂ ಹೇಳಿದ್ದರು. ಕಾಲು ಇಳಿಬಿಟ್ಟು ಕೂತರೆ ಸಂಜೆ ಹೊತ್ತಿಗೆ ಬಾತುಕೊಳ್ಳುತ್ತದೆ. ಬೆಳಿಗ್ಗೆ ಸರಿಹೋದ ಬೂಟು ಸಂಜೆ ಬಿಗಿಯುತ್ತದೆ. ಇನ್ನೊಂದು ಒಳ್ಳೆಯ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಈ ಬೂಟುಗಳು ಹೆಚ್ಚಿನವು ಎಡಕ್ಕೂ ಬಲಕ್ಕೂ ಆಗುತ್ತವೆ. ಹಾಗಾಗಿ ಮೊದಲು ಚೆನ್ನಾಗಿರುವ ಕಾಲಿಗೆ ಹಾಕಿ, ಊರುಗೋಲು ಹಿಡಿದು ಅದರ ಮೇಲೆ ನಿಂತು ನೋಡಬೇಕು. ಪೆಟ್ಟಾದ ಕಾಲಿಗೆ ತೊಂದರೆ ಕೊಡದೆ ಬೂಟಿನ ಗುಣ ತಿಳಿಯುತ್ತದೆ.

ಕೊನೆಗೆ ಎರಡು ಬೂಟು ಉಳಿದವು. ಒಂದಕ್ಕೆ ಪಕ್ಕದಲ್ಲಿ ತಿರುಗಣೆ. ಅದರಲ್ಲಿ ಪಾದ ಎಷ್ಟು ಕೆಳಕ್ಕೆ ಬಾಗಿರಬೇಕು ಎಂದು ತೋರಿಸುವ 30, 20, 10, 0 ಡಿಗ್ರಿ ಗುರುತು. ಬೇಕಾದ ಕಡೆ ಲಾಕ್ ಮಾಡಬಹುದು. ಇನ್ನೊಂದು ಅಲುಗದ ಗಟ್ಟಿ ಬೂಟು. ಅದರ ಒಳಗೆ ಮೂರು ರಬ್ಬರ್ ಬೆಣೆ ಒಂದರ ಮೇಲೊಂದು. ತಿರುಗಣೆಯದ್ದು ಬೆಲೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಅದೇ ಒಳ್ಳೆಯದಿರಬೇಕು ಎಂದು ನನಗೂ ಅನ್ನಿಸಿತು. ಅನ್ನಿಸಲು ಕಾರಣವೂ ಇತ್ತು. ಬರೀ ಬೆಣೆ ಇಟ್ಟರೆ ಆ ಬಾಗು ಪೂರ್ತಿ ಗಿಣ್ಣಿನಲ್ಲೇ ಆಗುವುದಿಲ್ಲ, ಒಂದಷ್ಟು ಪಾದದ ನಡುವೆ ಆಗುತ್ತದೆ. ತಿರುಗಣೆ ಗಿಣ್ಣನ್ನೇ ಹಿಡಿಯುತ್ತದೆ ಎಂದು ಮೇಡಂ ವಿವರಿಸಿದ್ದರು.

ಬಲಗಾಲಿಗೆ ಹಾಕಿ 30ಕ್ಕೆ ಲಾಕ್ ಮಾಡಿ ಎದ್ದು ನಿಂತೆ. ನಿಂತ ಕೂಡಲೇ ಮೊಣಕಾಲು ಹಿಂದಕ್ಕೆ ನೂಕಿದ ಹಾಗಾಯಿತು. ಅಟ್ಟೆ ನೆಲಕ್ಕೆ ಪೂರ್ತಿ ಕೂತಿತ್ತು, ಆದರೆ ಕಾಲಿನ ಮೇಲ್ಭಾಗ ಹಿಂದಕ್ಕೆ ವಾಲಿತ್ತು. ಯೋಚಿಸಿದರೆ ಸರಿಯೇ. ಗಿಣ್ಣು ಬಾಗಿದ್ದು ಅಟ್ಟೆ ಚಪ್ಪಟೆಯಾಗಿದ್ದರೆ ಕಾಲು ಹಿಂದೆ ವಾಲಲೇಬೇಕು. ಇಂಥ ಬೂಟಿಗೆ ಹಿಂದೆ ಎತ್ತರವಿರುವ ಬೇರೆ ಅಟ್ಟೆಯನ್ನೂ ಜೊತೆಗೆ ಕೊಡಬೇಕು. ವಾಕೊಪೆಡ್ ಎನ್ನುವ ವಿದೇಶಿ ಬೂಟಿಗೆ ಹಾಗೆ ಕೊಡುತ್ತಾರೆ. ಇಲ್ಲಿದ್ದ ಬೂಟಿಗೆ ಇರಲಿಲ್ಲ. ಅಂಗಡಿಯಿಂದಲೇ ಮೇಡಂಗೆ ಫೋನ್ ಮಾಡಿದೆ. ಅಟ್ಟೆ ಇಲ್ಲದಿದ್ದರೆ ಬೆಣೆಯ ಬೂಟೇ ತಗೊಳ್ಳಿ ಅಂದರು.

ಬೆಣೆಗಳನ್ನು ಹೊರಗೆ ತೆಗೆದು ಕೈಯಲ್ಲಿ ಒತ್ತಿ ನೋಡಿದೆ. ಮೆತ್ತಗಿದ್ದರೆ ಮೈಭಾರಕ್ಕೆ ಕುಸಿದು ಹಿಮ್ಮಡಿ ಇಳಿಯುತ್ತದೆ. ಇವು ಗಟ್ಟಿಯಾಗಿದ್ದವು. ಹಿಮ್ಮಡಿಯಿಂದ ಪಾದದ ನಡುವಿನವರೆಗೆ ಇಳಿಜಾರಾಗಿ ಬಂದಿದ್ದವು. ಒಂದಕ್ಕೊಂದು ವೆಲ್ಕ್ರೋದಿಂದ ಅಂಟುತ್ತಿದ್ದವು, ಜಾರುತ್ತಿರಲಿಲ್ಲ. ಬೂಟಿನ ಎತ್ತರ ಮೊಣಕಾಲಿನಿಂದ ಮೂರು ಬೆರಳು ಕೆಳಗೆ ನಿಲ್ಲುತ್ತಿತ್ತು. ಪಟ್ಟಿ ಬಿಗಿದ ಮೇಲೆ ಹಿಮ್ಮಡಿ ಎತ್ತಲು ನೋಡಿದೆ, ಮೇಲೇಳಲಿಲ್ಲ. ಮೂರೂವರೆ ಸಾವಿರಕ್ಕೆ ಅದನ್ನೇ ತಂದೆವು. ಒಳಗಿನ ಬಟ್ಟೆಯ ಮೆತ್ತೆ ಇನ್ನೊಂದು ಬೇಕು ಅಂದೆ. ಅಂಗಡಿಯವರು ವಾರದಲ್ಲಿ ತರಿಸಿಕೊಟ್ಟರು. ನಮ್ಮ ಕಡೆಯವರು ಯಾರಾದರೂ ಬೂಟು ತಗೊಂಡರೆ ಈ ಎರಡನೇ ಮೆತ್ತೆಯನ್ನು ಮರೆಯಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಮತ್ತೆ ಪ್ಲಾಸ್ಟರನ್ನೇ ಮುಂದುವರಿಸಿದರೆ ಏನು ಎಂದು ಅಮ್ಮ ಕೇಳಿದ್ದರು. ನಾನೂ ಕೇಳಿದ್ದೆ. ಬ್ರಿಟನ್ನಿನಲ್ಲಿ 540 ಜನರ ಮೇಲೆ ಇದನ್ನೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಒಂಬತ್ತು ತಿಂಗಳ ಹೊತ್ತಿಗೆ ಪ್ಲಾಸ್ಟರಿನವರೂ ಬೂಟಿನವರೂ ಒಂದೇ ಸಮ ಇದ್ದರು. ಹಾಗಿದ್ದ ಮೇಲೆ ಬಿಚ್ಚಿ ತೊಳೆಯಬಹುದಾದ, ಅದರಲ್ಲೇ ಕಾಲೂರಿ ನಡೆಯಬಹುದಾದ ಬೂಟು ಮೇಲಲ್ವಾ?

ಜೂನ್ ಮೊದಲ ವಾರ ಬೂಟು ಹಾಕಿದೆ. ಅದೇ ವಾರ ಮಳೆ ಹಿಡಿಯಿತು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಅಲ್ಲಿ ಮಳೆ ಹಿಡಿದರೆ ಬಿಸಿಲಿನ ಮಾತೇ ಇಲ್ಲ. ಬೂಟಿನ ಮೆತ್ತೆ ಬೆವರು ಹೀರಿ ಎರಡೇ ದಿನಕ್ಕೆ ವಾಸನೆ ಬಂತು. ಗಿಣ್ಣಿನ ಹತ್ತಿರ ಚರ್ಮ ಬೆಳ್ಳಗೆ ನೆನೆದ ಹಾಗಾಯಿತು. ಆಮೇಲೆ ದಿನಾ ಒಂದು ಮೆತ್ತೆ ಕಾಲಿಗೆ, ಇನ್ನೊಂದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ. ಒಲೆಯಿಂದ ಒಂದಾಳು ಎತ್ತರ ಇರಬೇಕು. ಹತ್ತಿರ ಕಟ್ಟಿದರೆ ಒಳಗಿನ ಫೋಮ್ ಸುಕ್ಕುಗಟ್ಟುತ್ತದೆ. ಒಳಗೆ ಮೊಣಕಾಲುದ್ದದ ಹತ್ತಿ ಸಾಕ್ಸ್ ಹಾಕುತ್ತಿದ್ದೆ. ವೆಲ್ಕ್ರೋ ಪಟ್ಟಿಯಲ್ಲಿ ಕಂಬಳಿಯ ಕೂದಲು, ಗೋಣಿಯ ಜುಂಗು ಸೇರಿಕೊಂಡು ಹಿಡಿತ ಹೋಗುತ್ತಿತ್ತು. ವಾರಕ್ಕೊಮ್ಮೆ ಹಳೇ ಬ್ರಷ್ಷಿನಿಂದ ಕೆರೆದು ತೆಗೆಯುತ್ತಿದ್ದೆ.

ಬಾಗಿದ ಅಟ್ಟೆ ನಡೆಯಲು ಸುಲಭ. ದೋಣಿಯ ಹಾಗೆ ಮುಂದಕ್ಕೆ ಉರುಳುತ್ತದೆ, ಗಿಣ್ಣು ಬಗ್ಗಿಸಬೇಕಿಲ್ಲ. ಆದರೆ ಒದ್ದೆ ರೆಡ್ ಆಕ್ಸೈಡ್ ನೆಲದ ಮೇಲೆ ಅದು ಜಾರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಂತೂ ಕಾಲಿಡುವ ಹಾಗಿಲ್ಲ. ಮೂರನೇ ದಿನ ಜಗಲಿಯಲ್ಲಿ ಜಾರಿ ಕಂಬ ಹಿಡಿದುಕೊಂಡೆ. ಮೈಯೆಲ್ಲ ನಡುಗಿತು. ಅವತ್ತೇ ನನ್ನ ಹೆಂಡತಿ ಜಗಲಿಯಿಂದ ಬಚ್ಚಲಿನವರೆಗೆ ಗೋಣಿಚೀಲ ಹಾಸಿ ಅಂಚಿಗೆ ಮೊಳೆ ಹೊಡೆಸಿದಳು. ಆಸ್ಪತ್ರೆಗೆ ಹೋಗುವ ದಿನ ಬೂಟಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಮೇಲೆ ಗೋಣಿ ತುಂಡು ಕಟ್ಟುತ್ತಿದ್ದೆ. ಪ್ಲಾಸ್ಟಿಕ್ ಒಂದೇ ಆದರೆ ಇನ್ನೂ ಜಾಸ್ತಿ ಜಾರುತ್ತದೆ. ತೋಟಕ್ಕೆ ಎಂಟು ವಾರ ಇಳಿಯಲಿಲ್ಲ. ತೋಟಕ್ಕೆ ಹೋಗಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ದಾಟಬೇಕು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ ಅದು. ಮನಸ್ಸು ಅಲ್ಲೇ ಇರುತ್ತಿತ್ತು. ಭಾವ ಎರಡು ಸಲ ಬಂದು ನಿಂತು ಹೊಡೆಸಿಕೊಟ್ಟ. "ನೀನು ಜಗಲಿ ಇಳಿದರೆ ನಾನು ಬರೋದಿಲ್ಲ ಮಾರಾಯ" ಅಂದಿದ್ದ.

ಎರಡನೇ ವಾರದಲ್ಲಿ ಬಲ ಸೊಂಟ ನೋಯತೊಡಗಿತು. ಬೂಟಿನ ಕಾಲು ಮೂರು ಸೆಂ.ಮೀ.ಗೂ ಜಾಸ್ತಿ ಎತ್ತರ, ಇನ್ನೊಂದು ಕಾಲಿಗೆ ಹವಾಯಿ ಚಪ್ಪಲಿ. ನಡೆಯುವಾಗ ಇಡೀ ಮೈ ಒಂದು ಕಡೆ ವಾಲುತ್ತಿತ್ತು. ತೀರ್ಥಹಳ್ಳಿಯಲ್ಲಿ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಹಳೇ ಶೂ ಕೊಟ್ಟು, ಅಡಿಗೆ ರಬ್ಬರ್ ಹಾಳೆ ಅಂಟಿಸಿ ಹೊಲಿಸಿದೆ. ನಾಲ್ಕೇ ದಿನಕ್ಕೆ ಸೊಂಟ ಸರಿಹೋಯಿತು. ಬೂಟು ತಂದ ದಿನವೇ ಮಾಡಿಸಬೇಕಾದ ಕೆಲಸ ಅದು.

ರಾತ್ರಿಯೂ ಬೂಟು ಬಿಚ್ಚುವಂತಿರಲಿಲ್ಲ. ನಿದ್ದೆಗಣ್ಣಿನಲ್ಲಿ ಎದ್ದು ಕಾಲೂರಿದರೆ ಮುಗಿಯಿತು. ಸ್ನಾನಕ್ಕೆ ಸ್ಟೂಲಿನ ಮೇಲೆ ಕೂತು, ಬೂಟು ಬಿಚ್ಚಿ, ಬೆರಳು ಕೆಳಗೆ ಮಾಡಿ ಕಾಲನ್ನು ಇಳಿಬಿಟ್ಟೇ ತೊಳೆಯುತ್ತಿದ್ದೆ. ಮತ್ತೆ ಹಾಕುವಾಗ ಹಿಮ್ಮಡಿಯನ್ನು ಮೊದಲು ಹಿಂದಕ್ಕೆ ಒತ್ತಿ ಕೂರಿಸಿ, ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಬಿಗಿಯಬೇಕು. ಎಡಗಾಲಾದ್ದರಿಂದ ಕ್ಲಚ್ ತುಳಿಯಲಾಗದು, ಕಾರು ಓಡಿಸಲಿಲ್ಲ. ಮೀನಖಂಡ ಒಮ್ಮೆಗೇ ಬಾತು ನೋಯುವುದು, ಬಿಸಿಯಾಗುವುದು, ಉಸಿರು ಕಟ್ಟುವುದು ಕಂಡರೆ ರಾತ್ರಿಯಾದರೂ ಬನ್ನಿ ಎಂದು ಡಾಕ್ಟರು ಗಟ್ಟಿಯಾಗಿ ಹೇಳಿದ್ದರು. ಕಾಲು ಅಲುಗದೆ ಇದ್ದಾಗ ಒಳಗೆ ರಕ್ತ ಹೆಪ್ಪುಗಟ್ಟಬಹುದು. ನನಗೆ ಹಾಗಾಗಲಿಲ್ಲ.

ಮೊದಲೆರಡು ವಾರ ಮೂರು ಬೆಣೆ, ಆಮೇಲೆ ಎರಡೆರಡು ವಾರಕ್ಕೆ ಒಂದೊಂದು ತೆಗೆದೆವು. ಇದು ನನ್ನ ಕಾಲಿಗೆ ಹೇಳಿದ ಲೆಕ್ಕ, ನಿಮ್ಮ ಡಾಕ್ಟರು ಬೇರೆ ಹೇಳಬಹುದು. ಪ್ರತಿ ಬೆಣೆ ತೆಗೆದ ದಿನ ಹಿಂದೆ ಸ್ವಲ್ಪ ಸೆಳೆತ ಇರುತ್ತಿತ್ತು. ಮನೆಯಲ್ಲಿ ನಾನೇ ತೆಗೆಯಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಮೇಡಂ ಎದುರಿಗೇ ತೆಗೆಸಿದೆ. ಜುಲೈ ಕೊನೆಗೆ ಬೂಟು ಬಿಟ್ಟು, ಹಿಮ್ಮಡಿ ಕೆಳಗೆ ಸಣ್ಣ ಮೆತ್ತೆ ಇಟ್ಟ ಶೂ ಹಾಕಿದೆ. ಎಡ ಮೀನಖಂಡ ಬಲದಕ್ಕಿಂತ ಸೊರಗಿತ್ತು. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಸಂಕ ದಾಟಿ ತೋಟಕ್ಕೆ ಹೋಗುವಂತಾದೆ. ಎಡಗಾಲೊಂದರ ತುದಿಯಲ್ಲಿ ನಿಲ್ಲುವುದನ್ನು ಈಗಲೂ ದಿನಾ ಅಭ್ಯಾಸ ಮಾಡುತ್ತಿದ್ದೇನೆ.

ಹೋದ ತಿಂಗಳು ಹೊಸನಗರ ಕಡೆಯ ಪರಿಚಯದ ಹುಡುಗನೊಬ್ಬನಿಗೆ ವಾಲಿಬಾಲ್ ಆಡುವಾಗ ಇದೇ ಪೆಟ್ಟಾಯಿತು. ಅಟ್ಟದ ಮೇಲಿರುವ ನಿಮ್ಮ ಬೂಟು ಕೊಡಿ ಎಂದು ಅವನ ಅಪ್ಪ ಕೇಳಿಕೊಂಡು ಬಂದರು. ಕೊಡಲು ಮನಸ್ಸಿತ್ತು. ಅಳತೆ ಕೇಳಿದೆ. ಅವನದು ಹತ್ತು, ನನ್ನದು ಏಳು. ಮೆತ್ತೆಯೂ ಸವೆದಿದೆ. ಮೇಡಂ ಬರೆದುಕೊಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಅವರ ಜೊತೆ ನಾನೇ ಶಿವಮೊಗ್ಗದ ಬಸ್ಸು ಹತ್ತಿದೆ.