ಧಾರವಾಡದಿಂದ ಉಳವಿಗೆ ಸೈಕಲ್ ಮೇಲೆ

ಉಳವಿ ಚನ್ನಬಸವೇಶ್ವರನ ಭಾರತ ಹುಣ್ಣಿಮೆ ಜಾತ್ರೆಗೆ ಚಕ್ಕಡಿಗಳು ಸಾಗುವ ದಾರಿಯೇ ಇದು: ಹಳಿಯಾಳ, ದಾಂಡೇಲಿ, ಜೊಯಿಡಾ, ಕುಂಬಾರವಾಡಾ, ಉಳವಿ. ಧಾರವಾಡದಿಂದ ಹೆಚ್ಚುಕಡಿಮೆ 120 ಕಿ.ಮೀ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ದಾಂಡೇಲಿವರೆಗಿನ 55–60 ಕಿ.ಮೀ. ಸಲೀಸು, ಅಲ್ಲಿಂದ ಮುಂದೆ ಕಾಡು, ಏರಿಳಿತ. ಮೊದಲ ದಿನ ಹುರುಪಿನಲ್ಲಿ ಓಡಿಸಿದವರ ಕಾಲು ಮರುದಿನದ ಏರಿನಲ್ಲಿ ಸೋಲುತ್ತದೆ. ಹುಬ್ಬಳ್ಳಿಯವರಿಗೆ ಇನ್ನೂ 20 ಕಿ.ಮೀ. ಕೂಡುತ್ತದೆ, ಹಿಂದಿನ ರಾತ್ರಿಯೇ ಧಾರವಾಡಕ್ಕೆ ಬಂದು ಮಲಗುವುದು ಲೇಸು.

ಸೈಕಲ್ ರಿಪೇರಿ ಹೊರಡುವ ಮುನ್ನಾದಿನ ಮಾಡಿಸಬೇಡಿ. ಒಂದು ವಾರ ಮೊದಲೇ ಮಾಡಿಸಿ, 30 ಕಿ.ಮೀ. ಓಡಿಸಿ ನೋಡಿ. ಹೊಸ ಕೇಬಲ್ ಹಿಗ್ಗಿ ಬ್ರೇಕ್ ಸಡಿಲಾಗುವುದು ಆಗಲೇ ಗೊತ್ತಾಗುತ್ತದೆ. ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ: ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಸೀಟು ತಗ್ಗಾದರೆ 40 ಕಿ.ಮೀ. ದಾಟುವಷ್ಟರಲ್ಲಿ ಮೊಣಕಾಲು ನೋಯತೊಡಗುತ್ತದೆ. ಸಾಮಾನು ಬೆನ್ನಿಗೆ ಬೇಡ, ಕ್ಯಾರಿಯರ್‌ಗೆ ಕಟ್ಟಿ. ದಪ್ಪ ಟೈರಿನ ಎಂಟಿಬಿಗೆ (ಮೌಂಟನ್ ಬೈಕ್) 40–50 ಪಿಎಸ್‌ಐ ಗಾಳಿ ಸಾಕು, ಭಾರ ಬೀಳುವ ಹಿಂದಿನ ಗಾಲಿಗೆ ತುಸು ಹೆಚ್ಚು.

ಪಂಕ್ಚರ್ ಆಗಿಯೇ ಆಗುತ್ತದೆ ಎಂದುಕೊಂಡು ಹೊರಡಿ. ತಲೆಗೊಂದು ಟ್ಯೂಬ್, ಗುಂಪಿಗೆ ಎರಡು ಪಂಪು. ಎಲ್ಲರ ಟೈರ್ ಅಳತೆ ಒಂದೇ ಆಗಿದ್ದರೆ ಅರ್ಧ ಚಿಂತೆ ಕಡಿಮೆ. ಸಪೂರ ವಾಲ್ವಿನ ಸೈಕಲ್ ಇದ್ದವರು ಅಡಾಪ್ಟರ್ ಮರೆಯಬಾರದು. ಇಲ್ಲದಿದ್ದರೆ ಪೆಟ್ರೋಲ್ ಬಂಕಿನ ಗಾಳಿ ಉಪಯೋಗಕ್ಕೆ ಬಾರದು. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಗೆ ಬಟ್ಟೆ ಆಡಿಸಿ ಜಾಲಿಮುಳ್ಳು ಹುಡುಕಿ ಕಿತ್ತುಹಾಕಿ. ಅದನ್ನು ಬಿಟ್ಟರೆ ಹೊಸ ಟ್ಯೂಬೂ ಹತ್ತೇ ನಿಮಿಷದಲ್ಲಿ ಪಂಕ್ಚರ್ ಆಗುತ್ತದೆ. ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಿನದಲ್ಲ: ಗಾಳಿ ಕಡಿಮೆಯಾಗಿ ಟ್ಯೂಬು ರಿಮ್ಮಿಗೆ ಸಿಕ್ಕು ಜಜ್ಜಿದ್ದು. ಪ್ಯಾಚ್ ಹಚ್ಚುವಾಗ ಸೊಲ್ಯೂಷನ್ ಐದು ನಿಮಿಷ ಆರಲಿ. ಹಸಿಯಲ್ಲೇ ಒತ್ತಿದ ಪ್ಯಾಚ್ ನಿಲ್ಲುವುದಿಲ್ಲ.

ನಾಲ್ಕರಿಂದ ಆರು ಜನರ ಗುಂಪು ಸರಿ. ಎಲ್ಲರಿಗಿಂತ ನಿಧಾನ ಇರುವವರು ಮುಂದೆ, ರಿಪೇರಿ ಬಲ್ಲವರು ಪಂಪು-ಪಾನಾ ಸಮೇತ ಕೊನೆಗೆ. ಜಾತ್ರೆ ದಿನಗಳಾದರೆ ಚಕ್ಕಡಿಗಳ ಹಿಂದೆ ಸದ್ದಿಲ್ಲದೆ ನುಗ್ಗಬೇಡಿ, ಗಂಟೆಯನ್ನೂ ಬಾರಿಸಬೇಡಿ. ಎತ್ತು ಬೆದರಿದರೆ ಹಿಡಿಯುವುದು ಕಷ್ಟ. "ಬಲಕ್ಕ ಬರ್ತೀವ್ರೀ ಯಜಮಾನ್ರ" ಎಂದು ದೂರದಿಂದಲೇ ಕೂಗಿ, ಅಂತರ ಬಿಟ್ಟು ದಾಟಿ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು. ಹಸಿವಾಗುವ ಮುಂಚೆಯೇ, ತಾಸಿಗೊಮ್ಮೆ ಸ್ವಲ್ಪ ತಿನ್ನಿ. ಬಿಸಿಲಲ್ಲಿ ತಾಸಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೇಕು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಬಾಟಲಿ ಸಣ್ಣದೆಂದು ಗಟ್ಟಿಯಾಗಿ ಕುಡಿದರೆ ಹೊಟ್ಟೆ ಕೆಡುತ್ತದೆ.

ಎರಡನೇ ದಿನ ದಾಂಡೇಲಿಯಿಂದ ನಸುಕು ಹರಿದ ಕೂಡಲೇ ಹೊರಡಿ. ಜೊಯಿಡಾ ದಾಟಿದರೆ ಫೋನ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಎಲ್ಲಿ ಕೂಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಕಾಡುಕೋಣ ರಸ್ತೆಗಿಳಿದರೆ ನಿಂತುಬಿಡಿ, ಅದು ಸರಿಯುವವರೆಗೆ ಫೋಟೋದ ಆಸೆಗೂ ಹತ್ತಿರ ಹೋಗಬೇಡಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ಪ್ಯಾಡ್ ಸವೆಯುತ್ತದೆ. ಎರಡೂ ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಿರಿ. ಹೊತ್ತು ಮುಳುಗುವುದಕ್ಕೆ ಎರಡು ತಾಸು ಮುಂಚೆ ಉಳವಿ ಮುಟ್ಟುವ ಹಾಗೆ ಲೆಕ್ಕ ಹಾಕಿ. ತಡವಾದರೆ ಕುಂಬಾರವಾಡಾದಲ್ಲೇ ನಿಲ್ಲಿ, ಕತ್ತಲಲ್ಲಿ ಆ ಕಾಡಿನ ರಸ್ತೆ ಹಿಡಿಯಬೇಡಿ.