ವಡಾಪಾವ್ ಜಾಗಕ್ಕೆ ಪೇರಳೆ: ಬೊಜ್ಜಿರುವವರು ಹಣ್ಣು ತಿನ್ನುವ ಕ್ರಮ

ತೂಕ ಇಳಿಸಲು ಹೊರಟವರು ಊಟ ಅಷ್ಟೇ ಇಟ್ಟುಕೊಂಡು ಅದರ ಮೇಲೊಂದು ಬಟ್ಟಲು ಹಣ್ಣು ತಿನ್ನತೊಡಗುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಬೇರೆ ಏನನ್ನಾದರೂ ಬಿಟ್ಟು ಆ ಜಾಗಕ್ಕೆ ಹಣ್ಣು ತಂದರೆ ಮಾತ್ರ ಉಪಯೋಗ.

ಮೊದಲು ಹೊಟ್ಟೆ ಅಳೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ. ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ ಕೆಲಸ ಕೆಡಿಸುತ್ತದೆ, ರಕ್ತನಾಳಗಳನ್ನು ಹಾಳುಮಾಡುತ್ತದೆ. ದೇಹದ ತೂಕದ ಶೇ 2ರಷ್ಟಿರುವ ಮೆದುಳು ಶೇ 20ರಷ್ಟು ಶಕ್ತಿ ಬಳಸುವ ಅಂಗ. ನಾಳ ಕೆಟ್ಟರೆ ಅದಕ್ಕೂ ಪೆಟ್ಟು. ನಡುವಯಸ್ಸಿನ ಬೊಜ್ಜು, ಮಧುಮೇಹ, ರಕ್ತದೊತ್ತಡ ಮೂರೂ ಮುಪ್ಪಿನ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ.

ಇನ್ನು ಏನನ್ನು ಬಿಡುವುದು? ಮುಂಬೈ ಕಡೆಯ ಠಾಣೆ, ಡೊಂಬಿವಲಿಯ ಲೋಕಲ್ ರೈಲು ಹತ್ತುವ ಮುನ್ನ ತಿನ್ನುವ ವಡಾಪಾವ್‌ನಿಂದ ಶುರುಮಾಡಿ. ಅದರಲ್ಲಿ ಸುಮಾರು 300 ಕ್ಯಾಲೊರಿ. 150 ಗ್ರಾಂ ತೂಗುವ ಒಂದು ಪೇರಳೆಯಲ್ಲಿ (ಸೀಬೆಹಣ್ಣು) ಸುಮಾರು 100 ಕ್ಯಾಲೊರಿ, ಜೊತೆಗೆ 8 ಗ್ರಾಂನಷ್ಟು ನಾರು. ಕರುಳಿನ ಬ್ಯಾಕ್ಟೀರಿಯಾ ಈ ನಾರನ್ನು ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು ಹಸಿವು ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನಿಗೆ ಪ್ರಚೋದನೆ ಕೊಡುತ್ತವೆ. ಬರೀ ಪೇರಳೆ ತಿಂದರೆ ಕಲ್ಯಾಣ ನಿಲ್ದಾಣ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟೀತು. ಒಂದು ಹಿಡಿ ಹುರಿದ ಕಡಲೆ ಜೊತೆಗಿರಲಿ. ಹಣ್ಣಿನ ಗಾಡಿಯವರು ಉದುರಿಸುವ ಉಪ್ಪು-ಮಸಾಲೆ ಬೇಡವೆನ್ನಿ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿರುವುದು ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ. ತರಕಾರಿಯ ಪಾಲನ್ನು ಹಣ್ಣಿನಿಂದ ತುಂಬಿಸುವಂತಿಲ್ಲ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ, ಮಹಾಬಳೇಶ್ವರದ ಸ್ಟ್ರಾಬೆರಿ. ಮಳೆ ಶುರುವಾಗುವ ಹೊತ್ತಿಗೆ ನೇರಳೆ. ನೇರಳೆಗೆ ಬಣ್ಣ ಕೊಡುವ ಆಂಥೋಸಯನಿನ್‌ಗಳು ರಕ್ತನಾಳದ ಒಳಪದರಕ್ಕೆ, ನೆನಪಿನ ಶಕ್ತಿಗೆ ನೆರವಾದೀತೇ ಎಂಬ ಸಂಶೋಧನೆ ನಡೆಯುತ್ತಿದೆ. ಆಶಾದಾಯಕ, ಆದರೆ ಔಷಧವಲ್ಲ.

ಜ್ಯೂಸ್ ಮಾತ್ರ ಬೇಡವೇ ಬೇಡ. ಒಂದು ಗ್ಲಾಸಿಗೆ ಮೂರು-ನಾಲ್ಕು ಕಿತ್ತಳೆ ಹಿಂಡಬೇಕು, ನಾರೆಲ್ಲ ಜಾಲರಿಯಲ್ಲೇ ಉಳಿಯುತ್ತದೆ. ಸರಸರನೆ ಬಂದಿಳಿದ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಅತಿಯಾದರೆ ಯಕೃತ್ತು ಅದನ್ನು ಕೊಬ್ಬಾಗಿಸುತ್ತದೆ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲೂ ಇಡೀ ಹಣ್ಣು, ಅದರಲ್ಲೂ ದ್ರಾಕ್ಷಿ, ಸೇಬು, ಬ್ಲೂಬೆರಿ ತಿಂದವರಿಗೆ ಮಧುಮೇಹದ ಅಪಾಯ ಕಡಿಮೆ, ಜ್ಯೂಸ್ ಕುಡಿದವರಿಗೆ ಹೆಚ್ಚು ಎಂದು ಕಂಡಿತ್ತು.

ಕಷ್ಟವಾಗುವುದು ಮೇ ತಿಂಗಳಲ್ಲಿ, ಆಪೂಸ್ ಮಾವಿನ ಮುಂದೆ. 100 ಗ್ರಾಂ ಮಾವಿನ ತಿರುಳಲ್ಲೇ ಸುಮಾರು 14 ಗ್ರಾಂ ಸಕ್ಕರೆಯಿದೆ. ಆಮ್‌ರಸಕ್ಕೆ (ಮಾವಿನ ರಸಾಯನ) ಮತ್ತೆ ಸಕ್ಕರೆ ಸುರಿದು ಪೂರಿ ನೆಂಚಿಕೊಂಡರೆ ಹಣ್ಣಿನ ಮಾತೇ ಬಿಡಿ. ಅರ್ಧ ಹಣ್ಣನ್ನು ಹೋಳು ಮಾಡಿ, ಅಂದು ಒಂದು ಚಪಾತಿ ಕಡಿಮೆ ಮಾಡಿ ತಿನ್ನಿ.

ದಿಢೀರನೆ ನಾರು ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಅರ್ಧ ಪೇರಳೆ ಸಾಕು, ನೀರು ಹೆಚ್ಚು ಕುಡಿಯಿರಿ. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆಯಾದ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ತಿಂಡಿ ಬದಲಿಸಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ವೈದ್ಯರನ್ನು ಕೇಳಿಯೇ ಬದಲಿಸಿ, ತಿಂದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಮ್ ಅಪಾಯ ತರಬಹುದು. ಅವರಿಗೆ ಯಾವ ಹಣ್ಣು, ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು.