ಎಆರ್-15 ಹಗುರಾಯಿತು, ಟಾರ್ಚಿನ ನೆರಳೂ ಹೋಯಿತು

ಟೆಕ್ಸಾಸ್‌ನ ನಮ್ಮ ಮನೆಯಲ್ಲಿ ರಕ್ಷಣೆಗೆ ಅಂತ ಒಂದು ಎಆರ್-15 ರೈಫಲ್ ಇದೆ. ಮುಂಭಾಗ ಭಾರ ಜಾಸ್ತಿ. ನನ್ನ ಹೆಂಡತಿಗೆ ಎತ್ತಿ ಹಿಡಿಯೋದೇ ಕಷ್ಟವಾಗಿತ್ತು. ಬೈಪಾಡ್ (ರೈಫಲ್ ಊರುವ ಎರಡು ಕಾಲಿನ ಸ್ಟ್ಯಾಂಡ್), ದೊಡ್ಡ ಸ್ಕೋಪ್ (ದೂರದ ಗುರಿ ನೋಡುವ ದುರ್ಬೀನು) ಎರಡನ್ನೂ ತೆಗೆದೆ. ಮನೆಯೊಳಗೆ ಅವು ಯಾಕೆ ಬೇಕು, ಅಲ್ವಾ? ರೆಡ್ ಡಾಟ್ (ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಸಾಧನ), ಸ್ಲಿಂಗ್ (ಹೆಗಲಿಗೆ ಹಾಕುವ ಪಟ್ಟಿ), ಟಾರ್ಚ್ ಸಾಕು.

ಟಾರ್ಚ್ ಹಿಂದಕ್ಕಿದ್ದಾಗ ನಳಿಗೆಯ ನೆರಳು ಗೋಡೆ ಮೇಲೆ ದಪ್ಪಗೆ ಬೀಳುತ್ತಿತ್ತು. ಅದನ್ನು ನಳಿಗೆಯ ತುದಿಯ ಹತ್ತಿರಕ್ಕೆ ಸರಿಸಿದೆ. ನೆರಳು ಬಹುಪಾಲು ಹೋಯಿತು.

ಒಂದು ವಿಷಯ ಮರೆಯಬೇಡಿ. ರೆಡ್ ಡಾಟ್ ನಳಿಗೆಗಿಂತ ಸುಮಾರು 2.5 ಇಂಚು ಮೇಲಿರುತ್ತದೆ. ಕೋಣೆಯಷ್ಟು ದೂರದಲ್ಲಿ ಗುಂಡು ಚುಕ್ಕೆಗಿಂತ ಹೆಚ್ಚುಕಡಿಮೆ ಅಷ್ಟೇ ಕೆಳಗೆ ತಾಗುತ್ತದೆ. ಶೂಟಿಂಗ್ ರೇಂಜಿನಲ್ಲಿ ಕಾಗದದ ಗುರಿ ಇಟ್ಟು ಇಬ್ಬರೂ ನೋಡಿಕೊಂಡೆವು. ಈಗ ಅವಳು ಆರಾಮಾಗಿ ಹಿಡಿಯುತ್ತಾಳೆ. ಮನೆಯಲ್ಲಿ ಮಕ್ಕಳಿದ್ದಾರೆ, ಹಾಗಾಗಿ ರೈಫಲ್ ಸದಾ ಬೀಗ ಹಾಕಿದ ಸೇಫ್‌ನಲ್ಲೇ ಇರುತ್ತದೆ.